ಕಾರಿನ ಎಂಜಿನಿಗೆ ತಕ್ಕ ಎಣ್ಣೆ

ತಿರುಗುವ ಅಚ್ಚಿಗೆ ಎಣ್ಣೆ ಹಾಕಬೇಕೆಂಬ ಅರಿವು ಗಾಡಿಯಷ್ಟೇ ಹಳೆಯದು. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ರೈತನು ಹರಳೆಣ್ಣೆಯಲ್ಲಿ ನೆನೆಸಿದ ಬಟ್ಟೆಯ ಚಿಂದಿಯನ್ನು ಅಚ್ಚಿಗೂ ಚಕ್ರದ ಗುಂಬಕ್ಕೂ ನಡುವೆ ತುರುಕಿ ಊರಿಂದೂರಿಗೆ ಹೊರಡುತ್ತಿದ್ದನು. ಕೀಲೆಣ್ಣೆಯೆಂಬ ನಮ್ಮ ಮಾತಿನಲ್ಲಿ ಆ ಬಳಕೆಯ ನೆನಪು ಈಗಲೂ ಉಳಿದಿದೆ. ಅಲ್ಲಿ ಎಣ್ಣೆಯ ಗುಣವನ್ನು ಅಳೆಯುವುದಕ್ಕೆ ಬೆರಳೇ ಸಾಕಾಗಿತ್ತು: ಗಟ್ಟಿಯಾದುದು ನಿಲ್ಲುತ್ತದೆ, ತೆಳುವಾದುದು ಸೋರಿಹೋಗುತ್ತದೆ. ಎಣ್ಣೆ ಗಟ್ಟಿಯಿದ್ದಷ್ಟೂ ಕ್ಷೇಮವೆಂಬ ಈ ತಿಳಿವಳಿಕೆ ಗಾಡಿಯಿಂದ ಮೋಟಾರಿಗೆ ಇಳಿದುಬಂದಿದೆ. ಇಂದಿಗೂ ಅನೇಕ ಗ್ಯಾರೇಜುಗಳಲ್ಲಿ ಅದೇ ಶಾಸ್ತ್ರವಾಗಿ ನಡೆಯುತ್ತಿದೆ. ಅದು ಎಷ್ಟರ ಮಟ್ಟಿಗೆ ಸರಿ, ಎಲ್ಲಿಂದ ಮುಂದೆ ತಪ್ಪು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇದನ್ನು ಬರೆಯುವುದಕ್ಕೆ ನಮಗೊಂದು ನಿಮಿತ್ತವೂ ಒದಗಿತು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸಿ ಸಂಸಾರ ನಡೆಸುವವರು. ಸಾಲ ತೀರದ ಕಾರು. ಕೊಂಡು ಮೂರು ವರ್ಷವಾಗಿತ್ತು. ಕೆಲವು ವಾರಗಳಿಂದ ಬೆಳಗಿನ ಹೊತ್ತು ಎಂಜಿನಿನ ಎಚ್ಚರಿಕೆಯ ದೀಪ ಹತ್ತುತ್ತಿತ್ತು. ತೋರಿಸಿದ ಕಡೆ, ಕವಾಟಗಳ ಕಾಲವನ್ನು ಹೊಂದಿಸುವ ಭಾಗವೇ ಕೆಟ್ಟಿದೆಯೆಂದು ಹೇಳಿ, ಅವರ ಎರಡು ತಿಂಗಳ ದುಡಿಮೆಯನ್ನು ನುಂಗುವಷ್ಟು ಖರ್ಚನ್ನು ಬರೆದುಕೊಟ್ಟಿದ್ದರು. ಅವರು ಅಳತೆಕಡ್ಡಿಯನ್ನೆಳೆದು, ತುದಿಯ ಎಣ್ಣೆಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನಮಗೆ ತೋರಿಸಿದರು. "ನೋಡಿ ಸಾರ್, ಎಣ್ಣೆಯ ಮಾತಂತೂ ಇಲ್ಲ. ಜೇನಿದ್ದ ಹಾಗಿದೆ" ಎಂದರು. ಹಿಂದಿನ ಸಲ ಎಣ್ಣೆ ಬದಲಾಯಿಸಿದಾಗ ಯಾವುದನ್ನು ಹಾಕಿದರೆಂದು ಕೇಳಿದೆವು. ಬಿಸಿಲಿನ ದೇಶಕ್ಕೆ ಗಟ್ಟಿ ಎಣ್ಣೆಯೇ ಒಳ್ಳೆಯದೆಂದು ಮೆಕ್ಯಾನಿಕ್ಕು 20ಡಬ್ಲ್ಯು-50 ಹಾಕಿದ್ದನು. ಕಾರಿನೊಳಗಿದ್ದ ಕೈಪಿಡಿಯನ್ನು ತೆಗೆಸಿ ನೋಡಿದರೆ, ಅದರಲ್ಲಿ ಅಚ್ಚಾಗಿದ್ದದ್ದು 0ಡಬ್ಲ್ಯು-20. ಈ ಎರಡು ಬರಹಗಳ ನಡುವಣ ಅಂತರವೆಷ್ಟು? ಅದಕ್ಕೆ ಉತ್ತರ ಹೇಳಬೇಕಾದರೆ ಎಣ್ಣೆ ಎಂಜಿನಿನಲ್ಲಿ ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು.

ಎಣ್ಣೆ ಲೋಹಗಳ ನಡುವೆ ಜಾರಿಕೆಯನ್ನುಂಟುಮಾಡುತ್ತದೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಬೇರಿಂಗಿನಲ್ಲಿ ಅದು ಮಾಡುವ ಕೆಲಸ ಇದಕ್ಕಿಂತ ಆಶ್ಚರ್ಯಕರವಾದುದು. ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗಗಳನ್ನು ನಡೆಸಿ 1883ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿ ತಿರುಗುತ್ತಿತ್ತು. ಭಾರ ಹೊತ್ತ ಬೇರಿಂಗು ಅದರ ನೆತ್ತಿಯ ಮೇಲೆ ಕುಳಿತಿತ್ತು. ಆ ಬೇರಿಂಗಿನ ಮೇಲ್ಭಾಗದಲ್ಲಿ ಒಂದು ರಂಧ್ರವನ್ನು ಕೊರೆದಾಗ, ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಅದರ ಮೂಲಕ ಮೇಲಕ್ಕೆ ಉಕ್ಕಿತು. ಟವರನು ರಂಧ್ರಕ್ಕೆ ಮರದ ಬೆಣೆ ಹೊಡೆದನು. ಎಣ್ಣೆ ಬೆಣೆಯನ್ನೂ ಹೊರಕ್ಕೆ ತಳ್ಳಿತು. ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರಂಗುಲಕ್ಕೆ 200 ಪೌಂಡಿನ ಮಿತಿಯನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರವಾದರೋ ಸರಾಸರಿಯಲ್ಲಿ ಚದರಂಗುಲಕ್ಕೆ 100 ಪೌಂಡು ಮಾತ್ರ. ಅಲ್ಲಿ ಎಣ್ಣೆಯನ್ನು ಒತ್ತುವ ಪಂಪೇನೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ತಿರುಗುವ ಅಚ್ಚೇ ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಕಿರಿದಾಗುತ್ತ ಹೋಗುವ ಸಂದಿಗೆ ನುಗ್ಗಿಸಿ, ಆ ಒತ್ತಡವನ್ನು ತಾನೇ ನಿರ್ಮಿಸಿಕೊಂಡಿತ್ತು. ಎಂದರೆ ಲೋಹವು ಲೋಹದ ಮೇಲೆ ಕುಳಿತಿರಲಿಲ್ಲ. ಎಣ್ಣೆಯ ಪೊರೆಯೊಂದರ ಮೇಲೆ ತೇಲುತ್ತಿತ್ತು.

ಇದರ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಕೊಟ್ಟನು. ಆ ಸಮೀಕರಣವೇ ಇಂದಿಗೂ ಬೇರಿಂಗುಗಳ ವಿನ್ಯಾಸಕ್ಕೆ ತಳಹದಿ. ಪೊರೆಯ ದಪ್ಪವನ್ನು ನಿರ್ಣಯಿಸುವವು ಮುಖ್ಯವಾಗಿ ಮೂರು: ಎಣ್ಣೆಯ ಸ್ನಿಗ್ಧತೆ, ತಿರುಗುವ ವೇಗ, ಹೊತ್ತ ಭಾರ. ಮೊದಲೆರಡು ಹೆಚ್ಚಿದರೆ ಪೊರೆ ದಪ್ಪವಾಗುತ್ತದೆ, ಮೂರನೆಯದು ಹೆಚ್ಚಿದರೆ ತೆಳುವಾಗುತ್ತದೆ. ಕಾರಿನ ಕ್ರ್ಯಾಂಕ್ ದಂಡಕ್ಕೂ ಅದರ ಬೇರಿಂಗಿಗೂ ಇರುವ ಸಂದಿ ಕೆಲವು ಹತ್ತು ಮೈಕ್ರಾನುಗಳಷ್ಟು, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಮೆ. ಭಾರ ಬೀಳುವ ಕಡೆ ಪೊರೆ ಒಂದೆರಡು ಮೈಕ್ರಾನಿಗೂ ಇಳಿಯಬಹುದು. ಎಂಜಿನಿಯರು ಈ ಸಂದಿಯನ್ನೂ ಬೇರಿಂಗಿನ ಅಗಲವನ್ನೂ ಪಂಪಿನ ಅಳತೆಯನ್ನೂ ನಿರ್ಧರಿಸುವಾಗ ಒಂದು ನಿರ್ದಿಷ್ಟ ಸ್ನಿಗ್ಧತೆಯ ಎಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸುತ್ತಾನೆ. ಆದುದರಿಂದ ಎಣ್ಣೆಯೆಂಬುದು ಎಂಜಿನಿಗೆ ಹೊರಗಿನಿಂದ ಸುರಿಯುವ ವಸ್ತುವಲ್ಲ. ಅಳತೆಗೆ ಕಡೆದ ಒಂದು ಬಿಡಿಭಾಗವೆಂದೇ ಎಣಿಸಬೇಕು.

ಇನ್ನು ಸ್ನಿಗ್ಧತೆಯ ವಿಚಾರ. ಇದು ಸ್ಥಿರವಾದ ಗುಣವಲ್ಲ. ಉಷ್ಣತೆ ಏರಿದಂತೆ ಅತಿ ವೇಗವಾಗಿ ಇಳಿಯುತ್ತದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ, ಎಸ್.ಎ.ಇ. ಎಂದು ಪ್ರಸಿದ್ಧವಾದುದು, 1911ರಲ್ಲಿ ಎಣ್ಣೆಗಳನ್ನು ಸ್ನಿಗ್ಧತೆಯ ಮೇಲಿಂದ ವರ್ಗೀಕರಿಸುವ ಕ್ರಮವನ್ನು ಮೊದಲು ಹೊರತಂದಿತು. ಹಲವು ಬಾರಿ ಪರಿಷ್ಕೃತವಾದ ಆ ಕ್ರಮವೇ ಇಂದು ಜೆ300 ಎಂಬ ಹೆಸರಿನಲ್ಲಿ ಜಗತ್ತಿನ ಎಲ್ಲ ಡಬ್ಬಿಗಳ ಮೇಲೂ ಕಾಣುತ್ತಿದೆ. 20ಡಬ್ಲ್ಯು-50 ಎಂಬ ಬರಹದಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಗಳು ಜೊತೆಗೂಡಿವೆ. ಕೊನೆಯ ಸಂಖ್ಯೆ ಬಿಸಿಯಾದ ಎಣ್ಣೆಗೆ ಸಂಬಂಧಿಸಿದುದು. 100 ಡಿಗ್ರಿ ಸೆಂಟಿಗ್ರೇಡಿನಲ್ಲಿ 20ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 6.9 ಸೆಂಟಿಸ್ಟೋಕ್ಸಿನಿಂದ 9.3ರ ಒಳಗೆ ಇರಬೇಕು, 30ರದು 9.3ರಿಂದ 12.5ರ ಒಳಗೆ, 40ರದು 12.5ರಿಂದ 16.3ರ ಒಳಗೆ; 50ರದು 16.3ರಿಂದ 21.9ರ ಒಳಗೆ. ಮೊದಲ ಸಂಖ್ಯೆಯ ಪಕ್ಕದ ಡಬ್ಲ್ಯು ಅಕ್ಷರವು ಚಳಿಗಾಲವೆಂಬ ಇಂಗ್ಲಿಷ್ ಮಾತಿನ ಮೊದಲಕ್ಷರ. ಅದು ತಣ್ಣಗಿನ ಎಣ್ಣೆಯಲ್ಲಿ ಎಂಜಿನು ತಿರುಗೀತೇ, ಪಂಪು ಎಣ್ಣೆಯನ್ನು ಎಳೆದೀತೇ ಎಂಬ ಪರೀಕ್ಷೆಗೆ ಸೇರಿದುದು. ಎಂಜಿನನ್ನು ತಿರುಗಿಸುವ ಪರೀಕ್ಷೆ 20ಡಬ್ಲ್ಯು ಎಣ್ಣೆಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ನಡೆಯುತ್ತದೆ. 15ಡಬ್ಲ್ಯುವಿಗೆ 20, 10ಡಬ್ಲ್ಯುವಿಗೆ 25, 5ಡಬ್ಲ್ಯುವಿಗೆ 30, 0ಡಬ್ಲ್ಯುವಿಗೆ 35 ಡಿಗ್ರಿ ಕೆಳಗೆ. ಮೊದಲ ಸಂಖ್ಯೆ ಉಷ್ಣತೆಯೂ ಅಲ್ಲ, ಸ್ನಿಗ್ಧತೆಯ ಅಳತೆಯೂ ಅಲ್ಲ. ದರ್ಜೆಯ ಹೆಸರು ಮಾತ್ರ. 0ಡಬ್ಲ್ಯು ಎಂದರೆ ಸ್ನಿಗ್ಧತೆ ಸೊನ್ನೆಯೆಂದು ತಿಳಿದು ಹೆದರಿದವರನ್ನು ನಾವು ಕಂಡಿದ್ದೇವೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಲೇಹಿನಲ್ಲಿ ಚಳಿಗಾಲದ ಬೆಳಿಗ್ಗೆ ಕಾರು ಹೊರಡಿಸಬೇಕಾದವರಿಗೆ ಡಬ್ಲ್ಯು ಅಕ್ಷರ ಬಹು ಮುಖ್ಯ; ರಾಯಚೂರು ಕಲಬುರಗಿಗಳಲ್ಲಿ ಬೇಸಗೆ 40 ಡಿಗ್ರಿಯನ್ನು ದಾಟುವ ನಾಡಿನಲ್ಲಿ ಅದರ ಗೊಡವೆ ಏಕೆ? ಆಕ್ಷೇಪ ಅರ್ಧದಷ್ಟು ಸರಿ. ನಮ್ಮಲ್ಲಿ ಎಣ್ಣೆ ಹೆಪ್ಪುಗಟ್ಟಿ ಎಂಜಿನು ಹೊರಡದಿರುವ ಭಯವಿಲ್ಲ. ಆದರೆ ಸೊನ್ನೆಗಿಂತ ಕೆಳಗೆ ತೆಳುವಾಗಿರುವ ಎಣ್ಣೆ 15 ಡಿಗ್ರಿಯಲ್ಲಿಯೂ ತೆಳುವಾಗಿಯೇ ಇರುತ್ತದೆ. ಎಷ್ಟು ತೆಳುವೆಂಬುದನ್ನು ಕಾಣಲು, ಎಣ್ಣೆಯ ಸ್ನಿಗ್ಧತೆಯನ್ನು ಉಷ್ಣತೆಯೊಡನೆ ಹೊಂದಿಸುವ ವಾಲ್ಟರನ ಸೂತ್ರದಿಂದ ನಾವು ಲೆಕ್ಕಹಾಕಿದೆವು. ಮಾದರಿಗಾಗಿ ಎರಡು ಎಣ್ಣೆಗಳನ್ನು ಇಟ್ಟುಕೊಂಡೆವು. 0ಡಬ್ಲ್ಯು-20ರ ಸ್ನಿಗ್ಧತೆ 40 ಡಿಗ್ರಿಯಲ್ಲಿ 44, 100 ಡಿಗ್ರಿಯಲ್ಲಿ 8.3 ಸೆಂಟಿಸ್ಟೋಕ್ಸ್ ಎಂದೂ, 20ಡಬ್ಲ್ಯು-50ರದು ಕ್ರಮವಾಗಿ 155 ಮತ್ತು 18.5 ಎಂದೂ ಇಟ್ಟುಕೊಂಡೆವು. ಆಯಾ ದರ್ಜೆಯ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳಿವು. 15 ಡಿಗ್ರಿಯ ಬೆಳಗಿಗೆ, ಅಂದರೆ ಬೆಂಗಳೂರಿನ ಡಿಸೆಂಬರಿಗೆ, ಮೊದಲನೆಯದು ಸುಮಾರು 137 ಸೆಂಟಿಸ್ಟೋಕ್ಸ್ ಆಗುತ್ತದೆ. ಎರಡನೆಯದು ಸುಮಾರು 670. ಎಂಜಿನು ಬಿಸಿಯೇರಿದ ಮೇಲೆ ಎರಡು ಪಟ್ಟು ಚಿಲ್ಲರೆಯಿರುವ ವ್ಯತ್ಯಾಸ ಬೆಳಗಿನ ಹೊತ್ತು ಸುಮಾರು ಐದು ಪಟ್ಟು.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ತೀರ ತೆಳುವೆಂದು ಜನ ಹೆದರುವ 0ಡಬ್ಲ್ಯು-20 ಎಣ್ಣೆಯು ಬೆಳಿಗ್ಗೆ, ಬಿಸಿಯಾದ 20ಡಬ್ಲ್ಯು-50ಕ್ಕಿಂತ ಏಳು ಪಟ್ಟು ಗಟ್ಟಿಯಾಗಿರುತ್ತದೆ. ಬೆಳಗಿನ ಮೊದಲ ನಿಮಿಷಗಳಲ್ಲಿ ಯಾವ ಎಂಜಿನೂ ಎಣ್ಣೆ ತೆಳುವಾಯಿತೆಂದು ಸವೆಯುವುದಿಲ್ಲ. ಎಣ್ಣೆ ಇನ್ನೂ ತಲುಪಲಿಲ್ಲವೆಂದು ಸವೆಯುತ್ತದೆ. ರಾತ್ರಿಯೆಲ್ಲ ನಿಂತ ಎಂಜಿನಿನ ಎಣ್ಣೆ ಇಳಿದು ತಳದ ತೊಟ್ಟಿಯನ್ನು ಸೇರಿರುತ್ತದೆ. ಅದು ಶೋಧಕವನ್ನು ದಾಟಿ, ಕಾಲುವೆಗಳ ಮೂಲಕ ಮೇಲೇರಿ, ಕ್ಯಾಮ್ ದಂಡದವರೆಗೆ ತಲುಪಬೇಕು. ಎಣ್ಣೆ ಅತಿ ಗಟ್ಟಿಯಾದರೆ ಪಂಪಿನ ಒತ್ತಡ ಮಿತಿಮೀರಿ, ರಕ್ಷಣೆಯ ಕವಾಟ ತೆರೆದು, ಎಣ್ಣೆಯ ಒಂದು ಭಾಗ ಮೇಲೇರದೆ ತೊಟ್ಟಿಗೇ ಹಿಂತಿರುಗುತ್ತದೆ. ಶೋಧಕದ ಪಕ್ಕದ ಕವಾಟವೂ ತೆರೆದುಕೊಂಡು ಸೋಸದ ಎಣ್ಣೆ ಒಳಕ್ಕೆ ನುಗ್ಗಬಹುದು. ಹಳೆಯ ಕಾರುಗಳಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಮೇಲಿದ್ದಷ್ಟೂ ಚಾಲಕನಿಗೆ ಸಮಾಧಾನ. ಆದರೆ ಮುಳ್ಳು ತೋರಿಸುವುದು ಹರಿವನ್ನಲ್ಲ, ಹರಿವಿಗೆ ಎದುರಾದ ತಡೆಯನ್ನು.

ಬಿಸಿಲಿನ ವಾದವನ್ನೂ ಪರಿಶೀಲಿಸೋಣ. ಎಂಜಿನಿನೊಳಗಣ ಉಷ್ಣತೆಯನ್ನು ಊರಿನ ಹವೆ ನಿರ್ಣಯಿಸುವುದಕ್ಕಿಂತ ಹೆಚ್ಚಾಗಿ ಎಂಜಿನಿನ ನೀರಿನ ವ್ಯವಸ್ಥೆಯೂ ಅದು ಹೊತ್ತ ಭಾರವೂ ನಿರ್ಣಯಿಸುತ್ತವೆ. ತಂಪುನೀರಿನ ದಾರಿಯಲ್ಲಿರುವ ಥರ್ಮೋಸ್ಟಾಟು ಮಡಿಕೇರಿಯಲ್ಲಿಯೂ ರಾಯಚೂರಿನಲ್ಲಿಯೂ ಎಂಜಿನನ್ನು ಸುಮಾರು ಒಂದೇ ಉಷ್ಣತೆಯಲ್ಲಿಡಲು ಯತ್ನಿಸುತ್ತದೆ. ಎರಡು ಕಡೆಯೂ ತೊಟ್ಟಿಯ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಬೇರಿಂಗಿನಲ್ಲಿಯೂ ಪಿಸ್ಟನ್ನಿನ ಬಳೆಗಳ ಬಳಿಯಲ್ಲಿಯೂ ಅದಕ್ಕಿಂತ ಬಹಳ ಮೇಲೆ. ಹೊರಗಿನ ಹವೆ 20 ಡಿಗ್ರಿ ಏರಿದರೆ ತೊಟ್ಟಿಯ ಎಣ್ಣೆಯೂ ಒಂದಿಷ್ಟು ಬಿಸಿಯೇರುವುದು ದಿಟ. ತುಂಬಿದ ಕಾರನ್ನು ಏರುದಾರಿಯಲ್ಲಿ ಎಳೆಸುವಾಗ ಇನ್ನೂ ಹೆಚ್ಚು. ಕೈಪಿಡಿಯನ್ನು ಬರೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರುತ್ತಾರೆ. ಹಲವು ಕೈಪಿಡಿಗಳಲ್ಲಿ ಹೊರಗಿನ ಉಷ್ಣತೆಗೆ ಎಣ್ಣೆಯ ದರ್ಜೆಗಳನ್ನು ಹೊಂದಿಸಿದ ಕೋಷ್ಟಕವಿರುತ್ತದೆ. ಅದರಲ್ಲಿ ಎರಡು ದರ್ಜೆಗಳಿಗೆ ಅವಕಾಶವಿದ್ದರೆ, ಬಿಸಿಲುನಾಡಿನಲ್ಲಿ ಭಾರಿ ದುಡಿಮೆಯ ಕಾರಿಗೆ ಹೆಚ್ಚಿನ ದರ್ಜೆಯನ್ನು ಆರಿಸುವುದು ವಿವೇಕವೇ. ನಮ್ಮ ಆಕ್ಷೇಪ ಕೋಷ್ಟಕದ ಹೊರಗಿನ ಆಯ್ಕೆಗೆ ಮಾತ್ರ.

ಹಾಗಾದರೆ 20ಡಬ್ಲ್ಯು-50ರ ಮೇಲಣ ಈ ಅಚಲವಾದ ನಂಬಿಕೆ ಬಂದದ್ದು ಹೇಗೆ? ಮೆಕ್ಯಾನಿಕ್ಕುಗಳನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ಕಾಲಕ್ಕೆ ಅವರ ಮಾತು ಪೂರ್ಣವಾಗಿ ಸರಿಯಾಗಿತ್ತು. ಹಿಂದೆ ಎಣ್ಣೆಗಳು ಒಂದೇ ದರ್ಜೆಯವು. ಚಳಿಗಾಲಕ್ಕೆ ಒಂದು, ಬೇಸಗೆಗೆ ಒಂದು. ಉಷ್ಣತೆ ಏರಿದಾಗ ಬಿಚ್ಚಿಕೊಂಡು ಎಣ್ಣೆ ತೀರ ತೆಳುವಾಗದಂತೆ ತಡೆಯುವ ಉದ್ದ ಸರಪಣಿಯ ಅಣುಗಳನ್ನು ಬೆರೆಸಿ ಎರಡು ದರ್ಜೆಯ ಎಣ್ಣೆಗಳನ್ನು ಮಾಡುವುದು 1950ರ ದಶಕದಲ್ಲಿ ರೂಢಿಗೆ ಬಂದಿತು. ಈ ಅಣುಗಳಿಗೊಂದು ದೌರ್ಬಲ್ಯವುಂಟು: ಹಲ್ಲುಚಕ್ರಗಳ ನಡುವೆ ಸಿಕ್ಕಿದರೆ ತುಂಡಾಗುತ್ತವೆ, ಎಣ್ಣೆ ಮತ್ತೆ ತೆಳುವಾಗುತ್ತದೆ. 1959ರಲ್ಲಿ ಹೊರಬಂದ ಬ್ರಿಟನ್ನಿನ ಮಿನಿ ಕಾರಿನಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ಒಂದೇ ಎಣ್ಣೆ. ಅಂಥ ಎಂಜಿನುಗಳ ಉಪಯೋಗಕ್ಕೆ 20ಡಬ್ಲ್ಯು-50 ಎಣ್ಣೆ ಒಳ್ಳೆಯ ಉತ್ತರವಾಗಿ ಒದಗಿತು. ನಮ್ಮ ದೇಶದ ರಸ್ತೆಗಳಲ್ಲಿ ದೀರ್ಘಕಾಲ ಓಡಿದ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಮೂಲವೂ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಸಂದಿಗಳು ದೊಡ್ಡವು, ವೇಗ ಕಡಮೆ, ಎಂಜಿನು ಸವೆದಂತೆಲ್ಲ ಎಣ್ಣೆ ಸುಡುವುದು ಹೆಚ್ಚು. ಅಂಥ ಎಂಜಿನಿಗೆ ಗಟ್ಟಿ ಎಣ್ಣೆ ಹಾಕಿ ದಶಕಗಳ ಕಾಲ ಓಡಿಸಿದ ಕೈಗಳ ಅನುಭವ ಸುಳ್ಳಲ್ಲ. ಎಂಜಿನು ಬದಲಾಯಿತು, ಅನುಭವ ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ಹಳೆಯ ಕಾರನ್ನು ಜತನವಾಗಿ ಇಟ್ಟುಕೊಂಡವರು ಅದಕ್ಕೆ ಗಟ್ಟಿ ಎಣ್ಣೆಯನ್ನೇ ಹಾಕತಕ್ಕದ್ದು. ಹೊಸದು ಒಳ್ಳೆಯದೆಂದು 0ಡಬ್ಲ್ಯು-16 ಸುರಿದರೆ, ಆ ದೊಡ್ಡ ಸಂದಿಗಳಲ್ಲಿ ಪೊರೆ ನಿಲ್ಲದೆ ಲೋಹ ಲೋಹಕ್ಕೆ ತಾಗುವುದು ನಿಶ್ಚಯ.

ಈಗಿನ ಎಂಜಿನುಗಳಲ್ಲಿ ಎಣ್ಣೆಗೆ ಇನ್ನೊಂದು ಹೊಣೆಯೂ ಸೇರಿದೆ. ಕವಾಟಗಳು ತೆರೆಯುವ ಮುಚ್ಚುವ ಕಾಲವನ್ನು ವೇಗಕ್ಕೆ ತಕ್ಕಂತೆ ಹಿಂದುಮುಂದು ಮಾಡುವ ಯಂತ್ರವನ್ನು ನಡೆಸುವುದು ಎಣ್ಣೆಯ ಒತ್ತಡವೇ. ಕಂಪ್ಯೂಟರು ಆಜ್ಞೆಮಾಡುತ್ತದೆ, ಕಿರಿದಾದ ರಂಧ್ರಗಳಿರುವ ಕವಾಟವೊಂದು ಎಣ್ಣೆಯನ್ನು ಒಂದು ಕಡೆಗೋ ಇನ್ನೊಂದು ಕಡೆಗೋ ಬಿಡುತ್ತದೆ, ಎಣ್ಣೆ ತಳ್ಳಿದಂತೆ ಕ್ಯಾಮ್ ದಂಡ ಕೆಲವು ಡಿಗ್ರಿ ತಿರುಗುತ್ತದೆ. ನಿಯಮಿತವಾದ ಅವಧಿಯಲ್ಲಿ ಅದು ತಿರುಗದಿದ್ದರೆ ಕಂಪ್ಯೂಟರು ಯಂತ್ರಭಾಗ ಕೆಟ್ಟಿದೆಯೆಂದು ತೀರ್ಮಾನಿಸಿ ದೀಪ ಹತ್ತಿಸುತ್ತದೆ. ಐದು ಪಟ್ಟು ಗಟ್ಟಿಯಾದ ಎಣ್ಣೆ ಅಲ್ಲಿದೆಯೆಂಬುದನ್ನು ಅದು ತಿಳಿಯಲಾರದು.

ಬೆರಳಿನ ಪರೀಕ್ಷೆಯನ್ನು ಇಲ್ಲಿ ಮತ್ತೆ ನೆನೆಯಬೇಕಾಗಿದೆ. ಬೆರಳು ಎಣ್ಣೆಯನ್ನು ಕಾಣುವುದು ಸುಮಾರು 30 ಡಿಗ್ರಿಯಲ್ಲಿ. ನಮ್ಮ ಲೆಕ್ಕದಂತೆ ಅಲ್ಲಿ 0ಡಬ್ಲ್ಯು-20ರದು 66, 20ಡಬ್ಲ್ಯು-50ರದು 263 ಸೆಂಟಿಸ್ಟೋಕ್ಸ್: ಒಂದಕ್ಕೆ ನಾಲ್ಕು. ಇದನ್ನು ಮುಟ್ಟಿ ನೋಡಿದವನಿಗೆ ಮೊದಲನೆಯದು ನೀರು, ಎರಡನೆಯದು ಜೇನು ಎಂದೇ ತೋರುವುದು ಸಹಜ. ಆದರೆ ಓಡುವ ಎಂಜಿನಿನ ಬೇರಿಂಗಿನಲ್ಲಿ ಎಣ್ಣೆ ಅತಿ ಬಿಸಿಯಾಗಿಯೂ ಅತಿ ವೇಗವಾಗಿ ತಿಕ್ಕಲ್ಪಡುತ್ತಲೂ ಇರುತ್ತದೆ. ಅದನ್ನು ಅನುಕರಿಸಲು ಜೆ300 ಕ್ರಮದಲ್ಲಿ ಇನ್ನೊಂದು ಪರೀಕ್ಷೆಯಿದೆ: 150 ಡಿಗ್ರಿಯಲ್ಲಿ, ಸೆಕೆಂಡಿಗೆ ಹತ್ತು ಲಕ್ಷದ ತಿಕ್ಕುದರದಲ್ಲಿ ಸ್ನಿಗ್ಧತೆಯನ್ನು ಅಳೆಯುವುದು. ಇಲ್ಲಿ 20ರ ದರ್ಜೆಗೆ 2.6 ಮಿಲಿಪ್ಯಾಸ್ಕಲ್-ಸೆಕೆಂಡಿಗೆ ಕಡಮೆಯಾಗಬಾರದು, 30ರ ದರ್ಜೆಗೆ 2.9ಕ್ಕೆ, 50ರ ದರ್ಜೆಗೆ 3.7ಕ್ಕೆ. 2013ರಲ್ಲಿ ಸೇರಿದ 16ರ ದರ್ಜೆಗೆ 2.3. ನಾಲ್ಕು ಪಟ್ಟೆಂದು ಬೆರಳು ಹೇಳಿದ ವ್ಯತ್ಯಾಸ ಎಂಜಿನು ನಿಜವಾಗಿ ದುಡಿಯುವ ಜಾಗದಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗೂ ಇಳಿದುಬಿಡುತ್ತದೆ. ಅಲ್ಲಿ ಪೊರೆಯ ದಪ್ಪ ಅಷ್ಟಿಷ್ಟು ಹೆಚ್ಚಿದರೂ, ಗಟ್ಟಿ ಎಣ್ಣೆಯನ್ನು ತಿಕ್ಕುವುದರಲ್ಲಿ ಶಕ್ತಿ ವ್ಯಯವಾಗಿ, ಅದು ಉಷ್ಣವಾಗಿ ಮಾರ್ಪಟ್ಟು, ಎಣ್ಣೆಯನ್ನು ಮತ್ತೆ ತೆಳುಮಾಡುತ್ತದೆ. ವ್ಯಯವಾದ ಶಕ್ತಿಯ ಬೆಲೆಯನ್ನು ಪೆಟ್ರೋಲಿನಲ್ಲಿ ತೆರಬೇಕು. ಅದು ನೂರಕ್ಕೆ ಒಂದೆರಡರಷ್ಟೇ ಎಂದರೂ, ದಿನವಿಡೀ ರಸ್ತೆಯ ಮೇಲಿರುವ ಬಾಡಿಗೆ ಕಾರಿನವನಿಗೆ ವರ್ಷದ ಕೊನೆಯಲ್ಲಿ ಅದು ಸಣ್ಣ ಮೊತ್ತವಲ್ಲ.

ಸ್ನಿಗ್ಧತೆ ಸರಿಯಾಯಿತೆಂದ ಮಾತ್ರಕ್ಕೆ ಆಯ್ಕೆ ಮುಗಿಯದು. ಪೊರೆ ನಿಲ್ಲದ ಜಾಗಗಳೂ ಎಂಜಿನಿನಲ್ಲಿ ಉಂಟು. ಕ್ಯಾಮಿನ ಮೂತಿ ಉಜ್ಜುವ ಕಡೆ, ಪಿಸ್ಟನ್ನಿನ ಬಳೆ ಒಂದು ಕ್ಷಣ ನಿಂತು ತಿರುಗುವ ಕಡೆ, ಲೋಹಗಳು ಹೆಚ್ಚುಕಡಮೆ ತಾಗಿಯೇ ತಾಗುತ್ತವೆ. ಅಲ್ಲಿ ಕಾಪಾಡುವುದು ಎಣ್ಣೆಯಲ್ಲಿ ಕರಗಿಸಿದ ರಾಸಾಯನಿಕಗಳು. ಮುಖ್ಯವಾಗಿ ಸತುವೂ ರಂಜಕವೂ ಗಂಧಕವೂ ಸೇರಿದ ಒಂದು ಸಂಯುಕ್ತ. ಬಿಸಿಗೂ ತಿಕ್ಕಿಗೂ ಸಿಕ್ಕಿದಾಗ ಅದು ಒಡೆದು ಲೋಹದ ಮೈಮೇಲೆ ಗಾಜಿನಂಥ ಲೇಪವನ್ನು ಕಟ್ಟುತ್ತದೆ. ಇದಲ್ಲದೆ ಮಸಿಯನ್ನು ಕಣಕಣವಾಗಿ ತೇಲಿಸಿಡುವವು, ಆಮ್ಲವನ್ನು ತಟಸ್ಥಗೊಳಿಸುವವು, ಉತ್ಕರ್ಷಣವನ್ನು ತಡೆಯುವವು ಎಂದು ಬಗೆಬಗೆಯ ವಸ್ತುಗಳಿವೆ. ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂದು ತಿಳಿಯುವವರು ಇದನ್ನು ಗಮನಿಸಬೇಕು. ಡೀಸೆಲ್ ಎಂಜಿನಿನ ಎಣ್ಣೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಕಪ್ಪಾದರೆ, ಮಸಿಯನ್ನು ಎಂಜಿನಿನ ಗೋಡೆಗೆ ಅಂಟಗೊಡದೆ ತಾನು ಹೊತ್ತುಕೊಂಡಿದೆಯೆಂದೇ ಅರ್ಥ.

ಈ ರಾಸಾಯನಿಕಗಳ ಯೋಗ್ಯತೆಯನ್ನು ಸೂಚಿಸುವುದು ಡಬ್ಬಿಯ ಮೇಲಿನ ಇನ್ನೊಂದು ಗುರುತು. ಅಮೆರಿಕದ ಪೆಟ್ರೋಲಿಯಮ್ ಸಂಸ್ಥೆಯಾದ ಎ.ಪಿ.ಐ. ಪೆಟ್ರೋಲ್ ಎಂಜಿನುಗಳ ಎಣ್ಣೆಗೆ ಎಸ್ ಅಕ್ಷರದಿಂದಲೂ ಡೀಸೆಲ್ ಎಣ್ಣೆಗೆ ಸಿ ಅಕ್ಷರದಿಂದಲೂ ಮೊದಲಾಗುವ ವರ್ಗಗಳನ್ನು ಇಟ್ಟಿದೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಂತೆ ಪರೀಕ್ಷೆ ಕಠಿಣ. ಎಸ್‌ಎ ಎಣ್ಣೆ 1930ರ ಬಳಿಕ ತಯಾರಾದ ಬಹುಪಾಲು ಪೆಟ್ರೋಲ್ ಎಂಜಿನುಗಳಿಗೆ ಒಗ್ಗದು. ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ ಬಂದವು. ಎಸ್‌ಪಿ ವರ್ಗ ಹುಟ್ಟಿದ ಕಾರಣ ಕುತೂಹಲಕರವಾಗಿದೆ. ಟರ್ಬೊ ಜೋಡಿಸಿದ, ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಸಣ್ಣ ಎಂಜಿನುಗಳಲ್ಲಿ, ಕಡಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ, ಕಿಡಿ ಹಾರುವ ಮುನ್ನವೇ ಇಂಧನ ಹತ್ತಿಕೊಂಡು ಪಿಸ್ಟನ್ನು ಬಿರಿಯುವುದು ಕಂಡುಬಂದಿತು. ಶೋಧಿಸಿದಾಗ, ಎಣ್ಣೆಯನ್ನು ಶುಚಿಯಾಗಿಡಲು ಬೆರೆಸುತ್ತಿದ್ದ ಕ್ಯಾಲ್ಸಿಯಮ್ ಸಂಯುಕ್ತವೇ ಇದಕ್ಕೆ ಒತ್ತಾಸೆಯೆಂದು ತಿಳಿಯಿತು. ಅದರ ಒಂದು ಭಾಗವನ್ನು ತೆಗೆದು ಮೆಗ್ನೀಸಿಯಮ್ ಸಂಯುಕ್ತವನ್ನು ಹಾಕಬೇಕಾಯಿತು. ಆದಕಾರಣ ಇಂಥ ಎಂಜಿನುಳ್ಳವರು ಹಳೆಯ ವರ್ಗದ ಎಣ್ಣೆಯನ್ನು ಅಗ್ಗವೆಂದು ಕೊಳ್ಳಲಾಗದು. ಪೆಟ್ರೋಲ್ ವರ್ಗಗಳಲ್ಲಿ ಹೊಸದು ಹಳೆಯದರ ಸ್ಥಾನದಲ್ಲಿ ಸಾಮಾನ್ಯವಾಗಿ ಸಲ್ಲುತ್ತದೆ. ಹಳೆಯದು ಹೊಸದರ ಸ್ಥಾನದಲ್ಲಿ ಸಲ್ಲದು.

ಡೀಸೆಲ್ ಕಾರುಗಳ ವಿಷಯದಲ್ಲಿ ತಪ್ಪಿನ ಬೆಲೆ ಇನ್ನೂ ಹೆಚ್ಚು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಹಂತ 6ರ ನಿಯಮಗಳಿಗೆ ಹೊಂದಲು, ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೊಂದನ್ನು ಇಟ್ಟರು. ಹಿಡಿದ ಮಸಿಯನ್ನು ಎಂಜಿನು ಆಗಾಗ ಬಿಸಿಯೇರಿಸಿ ಸುಡುತ್ತದೆ. ಮಸಿ ಅನಿಲವಾಗಿ ಹೋಗುತ್ತದೆ. ಆದರೆ ಎಂಜಿನು ಸದಾ ಒಂದಿಷ್ಟು ಎಣ್ಣೆಯನ್ನೂ ಸುಡುವುದಷ್ಟೆ. ಎಣ್ಣೆಯಲ್ಲಿ ಬೆರೆಸಿದ ಲೋಹದ ಸಂಯುಕ್ತಗಳು ಸುಟ್ಟು ಬೂದಿಯಾಗುತ್ತವೆ. ಬೂದಿಯನ್ನು ಮತ್ತೆ ಸುಡಲು ಬರುವುದಿಲ್ಲ. ಅದು ಶೋಧಕದ ಸಣ್ಣ ಕೊಳವೆಗಳಲ್ಲಿ ಹೊರದಾರಿಯಿಲ್ಲದೆ ತುಂಬುತ್ತ ಹೋಗುತ್ತದೆ. ಇದಕ್ಕಾಗಿಯೇ ಐರೋಪ್ಯ ಕಾರು ತಯಾರಕರ ಸಂಘದ ಎ.ಸಿ.ಇ.ಎ. ಕ್ರಮದಲ್ಲಿ ಸಿ ಅಕ್ಷರದ ವರ್ಗಗಳಿವೆ. ಅವುಗಳಲ್ಲಿ ಸಿ2, ಸಿ3 ಎಣ್ಣೆಗಳ ಬೂದಿಯ ಅಂಶ ನೂರಕ್ಕೆ 0.8ನ್ನು ಮೀರಬಾರದು. ಸ್ನಿಗ್ಧತೆ ಒಂದೇ ಆಗಿದ್ದರೂ, 5ಡಬ್ಲ್ಯು-30 ಎಂದು ಬರೆದ ಎರಡು ಡಬ್ಬಿಗಳಲ್ಲಿ ಒಂದು ಈ ಶೋಧಕಕ್ಕೆ ಹಿತವಾಗಿಯೂ ಇನ್ನೊಂದು ವಿಷವಾಗಿಯೂ ಇರಬಹುದು. ತಪ್ಪು ಎಣ್ಣೆಯಿಂದ ಆಗುವ ಹಾನಿ ಮೊದಲ ದಿನವಾಗಲಿ ಮೊದಲ ವರ್ಷವಾಗಲಿ ತೋರದು. ಶೋಧಕ ಕಟ್ಟಿಕೊಂಡು ಎಂಜಿನು ಸೊರಗಿದಾಗ, ಎಣ್ಣೆ ಹಾಕಿದವನೂ ಹಾಕಿಸಿದವನೂ ಅದನ್ನು ಮರೆತಿರುತ್ತಾರೆ. ಇದೇ ಇದರ ಅಪಾಯ.

ಸಿಂಥೆಟಿಕ್ ಎಂಬ ಮಾತಿಗೆ ಇಂದು ಅಂಗಡಿಗಳಲ್ಲಿ ಬಹಳ ಗೌರವ. ಮೂಲದಲ್ಲಿ ಅದು ಪ್ರಯೋಗಾಲಯದ ಕ್ರಮದಿಂದ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ ಎಣ್ಣೆಗೆ ಸಲ್ಲುತ್ತಿತ್ತು. ನೆಲದಿಂದ ತೆಗೆದ ಎಣ್ಣೆಯನ್ನೇ ಜಲಜನಕದೊಡನೆ ತೀವ್ರವಾಗಿ ಸಂಸ್ಕರಿಸಿದುದಕ್ಕೂ ಆ ಹೆಸರು ಸಲ್ಲುವುದೇ ಎಂದು ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ಕಂಪೆನಿಗಳ ನಡುವೆ ವಿವಾದವೆದ್ದಿತು. ಜಾಹೀರಾತುಗಳನ್ನು ವಿಮರ್ಶಿಸುವ ಅಲ್ಲಿಯ ಮಂಡಲಿ 1999ರಲ್ಲಿ ಸಲ್ಲುವುದೆಂದು ತೀರ್ಮಾನಿಸಿತು. ಅಂದಿನಿಂದ ಡಬ್ಬಿಯ ಮೇಲಿನ ಆ ಪದ ಎಣ್ಣೆಯ ಹುಟ್ಟನ್ನು ಖಚಿತವಾಗಿ ತಿಳಿಸದು. ಇಂಥ ಎಣ್ಣೆಗಳು ಉಷ್ಣವನ್ನು ಹೆಚ್ಚು ಕಾಲ ತಾಳುತ್ತವೆ, ಚಳಿಯಲ್ಲಿ ಚೆನ್ನಾಗಿ ಹರಿಯುತ್ತವೆ ಎಂಬುದು ನಿಜ. 0ಡಬ್ಲ್ಯು ದರ್ಜೆಯನ್ನು ಸಾಮಾನ್ಯ ಖನಿಜತೈಲದಿಂದ ಮಾಡುವುದೇ ಕಷ್ಟ. ಆದರೆ ಕೈಪಿಡಿ ಖನಿಜತೈಲವನ್ನು ಒಪ್ಪಿದ ಹಳೆಯ ಎಂಜಿನಿಗೆ ಎರಡರಷ್ಟು ಬೆಲೆ ಕೊಟ್ಟು ಸಿಂಥೆಟಿಕ್ ಹಾಕಿಸುವವರಿಗಿಂತ, ಸಾಧಾರಣ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವವರು ಜಾಣರೆಂಬುದು ನಮ್ಮ ಅಭಿಪ್ರಾಯ. ನಗರದೊಳಗೆ ಎರಡು ಮೂರು ಮೈಲಿ ಓಡಿ ನಿಲ್ಲುವ ಕಾರಿನಲ್ಲಿ ಎಂಜಿನು ಪೂರ್ಣ ಬಿಸಿಯೇರುವುದಿಲ್ಲ. ನೀರಿನ ಹನಿಯೂ ಪೆಟ್ರೋಲೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಉಳಿಯುತ್ತವೆ. ಆದಕಾರಣ ಕಡಮೆ ಓಡಿದ ಕಾರಿಗೂ ತಿಂಗಳುಗಳ ಲೆಕ್ಕ ತಪ್ಪಬಾರದು.

ಮೋಟಾರು ಸೈಕಲ್ಲಿನ ಬಗ್ಗೆ ಕೇಳುವವರೂ ಇದ್ದಾರೆ. ಅದರ ಕ್ಲಚ್ಚು ಸಾಮಾನ್ಯವಾಗಿ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ, ಘರ್ಷಣೆಯನ್ನು ತಗ್ಗಿಸುವ ವಸ್ತುಗಳನ್ನು ಬೆರೆಸಿದ ಕಾರಿನ ಎಣ್ಣೆ ಅಲ್ಲಿ ಕ್ಲಚ್ಚನ್ನು ಜಾರಿಸುತ್ತದೆ. ಜಪಾನಿನ ಜಾಸೊ ಎಂಎ ಗುರುತುಳ್ಳ ಎಣ್ಣೆ ಅದಕ್ಕೆ ತಕ್ಕುದು.

ಬಾಡಿಗೆ ಕಾರಿನ ಮಿತ್ರರಿಗೆ ನಾವು ಹೇಳಿದ್ದು ಇಷ್ಟೇ: ದುರಸ್ತಿಗೆ ಒಪ್ಪುವ ಮೊದಲು ಎಣ್ಣೆಯನ್ನೂ ಶೋಧಕವನ್ನೂ ಬದಲಾಯಿಸಿ, ಕೈಪಿಡಿ ಹೇಳಿದ ದರ್ಜೆ ಮತ್ತು ವರ್ಗಗಳೆರಡೂ ಇರುವ ಡಬ್ಬಿಯನ್ನು ಮೊಹರು ನೋಡಿ ರಸೀದಿಯೊಡನೆ ಕೊಂಡು, ನಿಮ್ಮ ಕಣ್ಣೆದುರಿಗೇ ಸುರಿಸಿಕೊಳ್ಳಿ. ಅವರಿಗೆ ಅರೆಮನಸ್ಸು. "ಇಷ್ಟು ತೆಳುವಾದದ್ದು ನಿಲ್ಲುತ್ತದೆಯೇ ಸಾರ್?" ಎಂದು ಎರಡು ಸಲ ಕೇಳಿದರು. ಹಳೆಯ ಎಣ್ಣೆ ಎಷ್ಟು ಬಸಿದರೂ ಒಂದಿಷ್ಟು ಒಳಗೆ ಉಳಿಯುವುದರಿಂದ, ಐನೂರು ಕಿಲೋಮೀಟರು ಓಡಿಸಿ ಇನ್ನೊಮ್ಮೆ ಬದಲಾಯಿಸಬೇಕಾಯಿತು. ಎರಡನೆಯ ಬದಲಾವಣೆಯ ಬಳಿಕ ದೀಪ ಹತ್ತಲಿಲ್ಲ. ಒಂದೇ ಕಾರಿನಿಂದ ಸಾಮಾನ್ಯ ನಿಯಮವನ್ನು ಸ್ಥಾಪಿಸಲಾಗದು. ಕವಾಟದ ಭಾಗವೇ ನಿಜವಾಗಿ ಕೆಟ್ಟಿದ್ದರೆ ಎಣ್ಣೆಯಿಂದ ಅದು ವಾಸಿಯಾಗುತ್ತಿರಲಿಲ್ಲ. ಈ ಡಿಸೆಂಬರಿನ ಚಳಿಯಲ್ಲಿಯೂ ದೀಪ ಹತ್ತಿಲ್ಲವೆಂದು ಅವರ ಮಗನು ಮೊನ್ನೆ ತಿಳಿಸಿದನು. ಎರಡು ಬಾರಿಯ ಎಣ್ಣೆಗೆ ತಗುಲಿದ ವೆಚ್ಚ, ಬರೆದುಕೊಟ್ಟಿದ್ದ ದುರಸ್ತಿಯ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.